ಕುಗ್ಗಿದ ಪಿಕಪ್ಪಿಗೆ ಎಷ್ಟು ಎತ್ತರ ಬೇಕು?



ಎತ್ತಿನ ಗಾಡಿಯಲ್ಲಿ ಅಚ್ಚು ಹಾಯುವುದು ಚಕ್ರದ ನಟ್ಟನಡುವೆ. ಆದುದರಿಂದ ಅಚ್ಚು ನೆಲದಿಂದ ಎಷ್ಟು ಮೇಲಿರಬೇಕೆಂಬುದನ್ನು ನಿರ್ಣಯಿಸುವುದು ಚಕ್ರದ ಅಳತೆಯೇ ಹೊರತು ಅದರ ಮೇಲೆ ಕೂರಿಸಿದ ಗಾಡಿಯ ಮೈಯಲ್ಲ. ನಮ್ಮ ಹಳ್ಳಿಯ ಬಡಗಿಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಎತ್ತುಗಳ ಸ್ಥಾನಕ್ಕೆ ಎಂಜಿನ್ ಬಂದಿತು, ಕೀಲೆಣ್ಣೆಯ ಸ್ಥಾನಕ್ಕೆ ಗ್ರೀಸು ಬಂದಿತು. ಈ ನಿಯಮ ಮಾತ್ರ ಬದಲಾಗಲಿಲ್ಲ. ಹಳೆಯ ಪಿಕಪ್ ಕೊಂಡು, ಅದನ್ನು 'ಎತ್ತರ ಮಾಡಿಸಬೇಕು' ಎಂದು ಗ್ಯಾರೇಜಿನತ್ತ ಹೊರಡುವ ನಮ್ಮ ತರುಣರು ಮರೆಯುವುದು ಇದನ್ನೇ.

ಈ ವಿಷಯ ಕೇವಲ ಗ್ಯಾರೇಜಿನದಲ್ಲ, ಮನೆಯದು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ನಿಂತುಹೋಯಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಲ್ಲಿಯೂ ಹಿಂದಿನಷ್ಟು ಕೈಗಳಿಗೆ ಕೆಲಸವಿಲ್ಲ. ಸ್ವಂತ ದುಡಿಮೆಯ ದಾರಿ ಹುಡುಕುವ ಕುಟುಂಬಕ್ಕೆ ಒಂದು ಸಣ್ಣ ಸಾಗಣೆ ವಾಹನ ಸಹಜವಾದ ಆಸರೆ. ಶಿವಮೊಗ್ಗದ ಮಂಡಿಗೆ ಅಡಿಕೆಯ ಮೂಟೆ, ಭದ್ರಾ ಅಚ್ಚುಕಟ್ಟಿನಿಂದ ಭತ್ತ, ಮನೆ ಕಟ್ಟುವವರಿಗೆ ಸಿಮೆಂಟು, ಹೀಗೆ ಬಾಡಿಗೆಗೆ ಕೊರತೆಯಿಲ್ಲ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಆಗಲಿ, ಮಹೀಂದ್ರದ ಬೊಲೆರೊ ಪಿಕಪ್ ಆಗಲಿ, ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದವರು ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ವಾಹನ ತರುತ್ತಾರೆ. ಶಿವಮೊಗ್ಗ-ಭದ್ರಾವತಿ ನಡುವಿನ ಹೆದ್ದಾರಿಯಲ್ಲಿ ಅದು ಸುಖವಾಗಿ ಓಡುತ್ತದೆ. ಮಳೆಗಾಲದಲ್ಲಿ ತೋಟದ ದಾರಿಗೆ ಇಳಿದಾಗ ಟ್ರ್ಯಾಕ್ಟರಿನ ಗಾಲಿ ಕೊರೆದ ಜಾಡಿನಲ್ಲಿ ಅದರ ಹೊಟ್ಟೆ ನೆಲಕ್ಕೆ ತಾಗುತ್ತದೆ. ಎತ್ತರದ ಆಸೆ ಹುಟ್ಟುವುದು ಅಲ್ಲಿ.

ಎತ್ತರ ಮಾಡುವುದೆಂದರೆ ಎರಡು ಬಗೆ. ಮೊದಲನೆಯದು, ಅಚ್ಚಿಗೂ ಚಾಸಿಗೂ ನಡುವಿನ ಅಂತರವನ್ನು ಹೆಚ್ಚಿಸುವುದು. ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಸೇರಿಸುವುದು, ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ತುಂಡು ಇಡುವುದು, ಸ್ಪ್ರಿಂಗಿನ ತುದಿಯ ಶ್ಯಾಕಲ್ಲನ್ನು ಉದ್ದ ಮಾಡಿಸುವುದು, ಇವೆಲ್ಲ ಈ ಬಗೆಯವು. ಅಗ್ಗವಾದುದರಿಂದ ಇದೇ ಹೆಚ್ಚು ಪ್ರಿಯ. ಆದರೆ ಇದರಿಂದ ಮೇಲೇರುವುದು ವಾಹನದ ಮೈ ಮಾತ್ರ. ಹಿಂದಿನ ಅಚ್ಚಿನ ನಡುವಿರುವ ಗುಂಡನೆಯ ಭಾಗ, ಅಂದರೆ ಡಿಫರೆನ್ಷಿಯಲ್, ಇದ್ದಲ್ಲಿಯೇ ಇರುತ್ತದೆ. ಜಾಡಿನ ನಡುದಿಬ್ಬಕ್ಕೆ ಮೊದಲು ತಾಗುವುದು ಸಾಮಾನ್ಯವಾಗಿ ಅದೇ. ಎರಡನೆಯದು, ದೊಡ್ಡ ಟೈರು ಹಾಕಿಸುವುದು. ಅಚ್ಚನ್ನೇ ಮೇಲಕ್ಕೆತ್ತುವುದು ಇದೊಂದೇ. ಅದೂ ಅಚ್ಚು ಒಂದು ಅಂಗುಲ ಏರಬೇಕಾದರೆ ಟೈರಿನ ವ್ಯಾಸ ಎರಡು ಅಂಗುಲ ಹೆಚ್ಚಬೇಕು. ವ್ಯಾಸವು ನೂರಕ್ಕೆ 10ರಷ್ಟು ಹೆಚ್ಚಿದರೆ ಮೀಟರು 60 ಕಿಲೋಮೀಟರ್ ವೇಗ ತೋರಿಸುವಾಗ ವಾಹನ 66ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಳೆತ ಕುಗ್ಗುತ್ತದೆ, ಬ್ರೇಕಿಗೆ ಶ್ರಮ ಹೆಚ್ಚುತ್ತದೆ.

ಹೀಗೆ ಕೊಂಡ ಎತ್ತರಕ್ಕೆ ತೆರುವ ಬೆಲೆ ಹಣವೊಂದೇ ಅಲ್ಲ. ಎಡಬಲ ಗಾಲಿಗಳ ನಡುವಿನ ಅಂತರ 140 ಸೆಂಟಿಮೀಟರ್, ಹೊರೆ ಹೇರಿದಾಗ ಭಾರದ ಕೇಂದ್ರವು ನೆಲದಿಂದ 100 ಸೆಂಟಿಮೀಟರ್ ಮೇಲೆ ಎಂದು ಇಟ್ಟುಕೊಳ್ಳೋಣ. ಆ ಕೇಂದ್ರವನ್ನು 10 ಸೆಂಟಿಮೀಟರ್ ಏರಿಸಿದರೆ, ತಿರುವಿನಲ್ಲಿ ಮಗುಚದೆ ನಿಲ್ಲುವ ಶಕ್ತಿಯ ಹನ್ನೊಂದರಲ್ಲೊಂದು ಪಾಲು ಕಳೆದುಹೋಯಿತು. ಮೂಟೆಗಳನ್ನು ಮಟ್ಟ ಮೀರಿ ಪೇರಿಸುವ ರೂಢಿಯಿರುವ ನಮ್ಮಲ್ಲಿ ಇದು ಅಲ್ಪವಲ್ಲ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿಗೆ ಕಡ್ಡಿಯೊಂದರಿಂದ ಜೋಡಿಸಿದ ಕವಾಟವಿರುತ್ತದೆ. ಹೊರೆ ಬಿದ್ದು ಮೈ ತಗ್ಗಿದಾಗ ಅದು ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚಿಸುತ್ತದೆ. ಮೈ ಮೇಲೆದ್ದಾಗ ವಾಹನ ಬರಿದಾಗಿದೆಯೆಂದು ಬಗೆದು ಒತ್ತಡ ತಗ್ಗಿಸುತ್ತದೆ. ಎತ್ತರ ಮಾಡಿಸಿ ಈ ಕಡ್ಡಿಯನ್ನು ಹಾಗೆಯೇ ಬಿಟ್ಟರೆ ಹೊರೆ ಹೊತ್ತ ವಾಹನಕ್ಕೆ ಬರಿಗಾಡಿಯ ಬ್ರೇಕು ದೊರೆಯುತ್ತದೆ. ಬ್ರೇಕಿನ ರಬ್ಬರ್ ಕೊಳವೆ ಬಿಗಿದು ಎಳೆಯಬಹುದು. ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ ಅದರ ಜಾಯಿಂಟು ಬೇಗ ಸವೆಯಬಹುದು.

ಹಾಗಾದರೆ ಕೈಯಲ್ಲಿ ಸ್ವಲ್ಪವೇ ಹಣವಿರುವವನು ಏನು ಮಾಡಬೇಕು? ಹಳೆಯ ವಾಹನಕ್ಕೆ ಬೇಕಾದುದು ಹೊಸ ಎತ್ತರವಲ್ಲ, ಅದು ಕಳೆದುಕೊಂಡ ಎತ್ತರ. ವರ್ಷಗಟ್ಟಲೆ ಹೊರೆ ಹೊತ್ತ ಸ್ಪ್ರಿಂಗು ತನ್ನ ಬಾಗು ಕಳೆದುಕೊಂಡು ಚಪ್ಪಟೆಯಾಗಿರುತ್ತದೆ, ಬುಷ್‌ಗಳು ಸವೆದಿರುತ್ತವೆ. ಇದನ್ನು ಅರಿಯಲು ಒಂದು ಟೇಪು ಸಾಕು. ಬರಿದಾದ ವಾಹನವನ್ನು ಸಮನೆಲದ ಮೇಲೆ ನಿಲ್ಲಿಸಿ, ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿ, ಪ್ರತಿ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ಅದೇ ಮಾದರಿಯ ಸುಸ್ಥಿತಿಯ ವಾಹನವನ್ನೂ ಹಾಗೆಯೇ ಅಳೆಯಿರಿ. ಎರಡರ ಅಂತರವೇ ನೀವು ಮರಳಿ ಪಡೆಯಬೇಕಾದ ಎತ್ತರ. ಒಂದು ಪಕ್ಕ ಇನ್ನೊಂದಕ್ಕಿಂತ ತಗ್ಗಿದ್ದರೆ ಆ ಬದಿಯಲ್ಲಿ ಮುರಿದ ಪ್ಲೇಟು ಇದೆಯೇ ಎಂದು ಮೊದಲು ನೋಡಬೇಕು.

ಖರ್ಚಿನ ಕ್ರಮವೂ ಮುಖ್ಯ. ಮೊದಲು ಬ್ರೇಕು ಮತ್ತು ಟೈರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದು. ಗೀರು ಆಳವಾಗಿದ್ದರೂ ವಯಸ್ಸಾದ ಟೈರನ್ನು ನಂಬಲಾಗದು. ಎರಡನೆಯದು ಬುಷ್, ಶ್ಯಾಕಲ್ ಪಿನ್ನು, ಶಾಕ್ ಅಬ್ಸಾರ್ಬರು. ಮೂರನೆಯದು ಸ್ಪ್ರಿಂಗು. ಹಳೆಯ ಪ್ಲೇಟನ್ನು ಬೆಂಕಿಯಲ್ಲಿ ಕಾಯಿಸಿ ಬಡಿದು ಬಾಗು ಕೊಡುವ ಅಗ್ಗದ ದಾರಿಯೊಂದುಂಟು. ಅಂಕೆಯಿಲ್ಲದೆ ಕಾದು ಮನಬಂದಂತೆ ಆರಿದ ಉಕ್ಕು ಮೆದುವಾಗುತ್ತದೆ, ಇಲ್ಲವೆ ಗಾಜಿನಂತೆ ಮುರಿಯುತ್ತದೆ. ಮಿಶ್ರ ಉಕ್ಕನ್ನು ತಯಾರಿಸಿದ ಭದ್ರಾವತಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಊರಿನ ಯಾವ ಮನೆಯಲ್ಲಿಯಾದರೂ ಕುಲುಮೆಯ ಕೆಲಸ ಬಲ್ಲ ಹಿರಿಯರೊಬ್ಬರಿದ್ದಾರು. ಪ್ಲೇಟು ಬಿಚ್ಚಿದ ಮೇಲೆ ಯು ಬೋಲ್ಟುಗಳನ್ನು ಹೊಸದಾಗಿಯೇ ಹಾಕಿಸಬೇಕು, ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಸಬೇಕು.

ಕಾನೂನಿನ ಮಾತು ಇನ್ನೊಂದಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರು ಕೊಟ್ಟ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಇಂತಹ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಿತು. ದಂಡಕ್ಕಿಂತ ಭಯ ಪಡಬೇಕಾದುದು ಅಪಘಾತದ ದಿನಕ್ಕೆ: ಮಾರ್ಪಾಡನ್ನು ಮುಂದೊಡ್ಡಿ ವಿಮೆಯವರು ತಕರಾರು ತೆಗೆದರೆ, ಸಾಲದ ಕಂತೂ ಆಸ್ಪತ್ರೆಯ ಖರ್ಚೂ ಒಂದೇ ಮನೆಯ ಮೇಲೆ ಬೀಳುತ್ತವೆ. ಸವೆದ ಭಾಗಕ್ಕೆ ಬದಲಾಗಿ ಅದೇ ಅಳತೆಯ ಭಾಗ ಹಾಕಿಸುವುದಾದರೋ ಮಾರ್ಪಾಡಲ್ಲ, ದುರಸ್ತಿ. ಪ್ಲೇಟು ಹೆಚ್ಚಿಸಿದ ಮಾತ್ರಕ್ಕೆ ಹೊರೆಯ ಮಿತಿ ಹೆಚ್ಚುವುದಿಲ್ಲವೆಂಬುದೂ ನೆನಪಿರಲಿ. ಆರ್.ಸಿ. ಪುಸ್ತಕದಲ್ಲಿ ನಮೂದಾದ ಒಟ್ಟು ತೂಕವೇ ಮಿತಿ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಹೊಟ್ಟೆ ತಾಗುತ್ತಿದ್ದರೆ, ದೋಷವಿರುವುದು ವಾಹನದಲ್ಲಲ್ಲ, ದಾರಿಯಲ್ಲಿ. ಒಂದೇ ದಾರಿಯನ್ನು ಬಳಸುವ ನಾಲ್ಕು ತೋಟದವರು ಮಳೆಗೆ ಮುನ್ನ ಕೂಡಿ ಜಾಡಿಗೆ ಕಲ್ಲು, ಜಲ್ಲಿ ತುಂಬಿಸಿ, ನೀರು ಹರಿದುಹೋಗಲು ಪಕ್ಕದಲ್ಲಿ ಕಾಲುವೆ ತೋಡಿದರೆ ನಾಲ್ಕು ಮನೆಯ ವಾಹನಗಳೂ ಉಳಿಯುತ್ತವೆ. ಒಂದು ಹೊರೆಯನ್ನು ಎರಡು ಮಾಡಿ ಸಾಗಿಸಿದರೆ ಡೀಸೆಲ್ ತುಸು ಹೆಚ್ಚು ಖರ್ಚಾದೀತು, ಅಚ್ಚು ಮುರಿಯುವುದು ತಪ್ಪೀತು. ಮಗ ಪಿಕಪ್ ತರುವೆನೆಂದಾಗ ಹಿರಿಯರು ಕೇಳಬೇಕಾದುದು ಅದು ಎಷ್ಟು ಎತ್ತರವಾಗಿ ಕಾಣುತ್ತದೆಂದಲ್ಲ. ಹೊರೆ ಹೊತ್ತು ಇಳಿಜಾರಿನಲ್ಲಿ ಎಷ್ಟು ದೂರದಲ್ಲಿ ನಿಲ್ಲುತ್ತದೆಂದು.