ಬಿಳಿ ಅಂದರೆ ಯಾವ ಬಿಳಿ?

ಮನೆಯಲ್ಲಿ ಸೈಕಲ್ ಹೊಡೆಯುವ ಮಗುವಿದ್ದರೆ, ಇಲ್ಲವೆ ಹೊಸದಾಗಿ ಲೈಸೆನ್ಸ್ ತೆಗೆದುಕೊಂಡ ಮಗನೋ ಮಗಳೋ ಇದ್ದರೆ, ಕಾರಿನ ಮೇಲೆ ಗೀರು ಬೀಳುವುದು ಇವತ್ತಲ್ಲ ನಾಳೆಯ ಮಾತು. ಗ್ಯಾರೇಜಿನಿಂದ ಸೈಕಲ್ ತೆಗೆಯುವಾಗ ಹ್ಯಾಂಡಲ್ ಬಾಗಿಲಿಗೆ ಉಜ್ಜುತ್ತದೆ. ಪಾರ್ಕಿಂಗ್ ಜಾಗದಲ್ಲಿ ಬಂಪರ್ ಕಂಬಕ್ಕೆ ತಾಗುತ್ತದೆ. ಮುಖ ಸಣ್ಣದು ಮಾಡಿಕೊಂಡು ಬಂದು ಹೇಳಿದಾಗ ನಾವು ಮೊದಲು ಕೇಳಬೇಕಾದದ್ದು, "ನಿಂಗೇನೂ ಆಗಿಲ್ಲ ತಾನೆ?" ಬೈಗುಳವೇ ಮೊದಲು ಬಂದರೆ ಮುಂದಿನ ಗೀರಿನ ಸುದ್ದಿ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಕಾರಿನ ಮಾತು ಆಮೇಲೆ. ಆ ಆಮೇಲಿನ ಕೆಲಸ ಹೇಗೆ ಎಂಬುದು ಈ ವಾರದ ವಿಷಯ.

ಊರಿನಲ್ಲಿ ಅಮ್ಮಂದಿರು ಸೀರೆಗೆ ಬ್ಲೌಸ್ ಪೀಸ್ ತರಲು ಹೋದಾಗ "ಹಸಿರು ಕೊಡಿ" ಎಂದಷ್ಟೇ ಕೇಳುವುದಿಲ್ಲ. ಸೀರೆಯನ್ನೇ ಚೀಲದಲ್ಲಿ ಒಯ್ದು, ಸೆರಗಿನ ಪಕ್ಕ ಬಟ್ಟೆ ಇಟ್ಟು, ಅಂಗಡಿಯ ಬಾಗಿಲಿಗೆ ಬಂದು ಬೆಳಕಿನಲ್ಲಿ ನೋಡುತ್ತಾರೆ. ಗಿಳಿಹಸಿರು ಬೇರೆ, ಎಲೆಹಸಿರು ಬೇರೆ ಎಂದು ಅವರಿಗೆ ಗೊತ್ತು. ಕಾರಿನ ಬಣ್ಣವೂ ಹಾಗೆಯೇ. ಟೊಯೋಟಾದ ಸೂಪರ್ ವೈಟ್ ಬಿಳಿ, ಬ್ಲಿಝರ್ಡ್ ಪರ್ಲ್ ಕೂಡ ಬಿಳಿ. ಆದರೆ ಮೊದಲನೆಯದರ ಸಂಖ್ಯೆ 040, ಎರಡನೆಯದರದು 070. ಎರಡನೆಯದರಲ್ಲಿ ಬಿಳಿಯ ಮೇಲೆ ಮುತ್ತಿನ ಹೊಳಪಿನ ಇನ್ನೊಂದು ಪದರ, ಅದರ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಹಚ್ಚಿದರೆ ಗೀರಿಗಿಂತ ತೇಪೆಯೇ ಎದ್ದು ಕಾಣುತ್ತದೆ. ಆದ್ದರಿಂದ ಬಣ್ಣದ ಹೆಸರು ನಂಬಬೇಡಿ, ಪೇಂಟ್ ಕೋಡ್ ಹುಡುಕಿ.

ಅದು ಎಲ್ಲಿರುತ್ತದೆ? ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕರ್ ಕಾಣುತ್ತದೆ. ಟೊಯೋಟಾ, ಲೆಕ್ಸಸ್‌ಗಳಲ್ಲಿ ಅದರ ಮೇಲೆ ಸಿ/ಟಿಆರ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ನೋಡಿ. ಅದರ ಮುಂದೆ ಮೊದಲು ಬರುವುದು ಹೊರಗಿನ ಬಣ್ಣ, ಓರೆಗೆರೆಯ ಆಚೆಯದು ಒಳಗಿನ ಸೀಟು ಬಟ್ಟೆಯದು. ಎರಡನ್ನೂ ಸೇರಿಸಿ ಆರ್ಡರ್ ಮಾಡಬೇಡಿ. ಹೋಂಡಾದಲ್ಲಿ ಎನ್‌ಎಚ್-578 ಥರದ ಕೋಡ್ ಇರುತ್ತದೆ. ಕೊನೆಗೆ 'ಪಿ' ಇದ್ದರೆ ಪರ್ಲ್, 'ಎಂ' ಇದ್ದರೆ ಮೆಟಾಲಿಕ್. ಫೋರ್ಡ್ ಸ್ಟಿಕರಿನಲ್ಲಿ ಇಎಕ್ಸ್‌ಟಿ ಪಿಎನ್‌ಟಿ ಎಂಬುದರ ಜೊತೆ ಎರಡಕ್ಷರ ಇರುತ್ತದೆ. ಫೋಕ್ಸ್‌ವ್ಯಾಗನ್, ಔಡಿಗಳಲ್ಲಿ ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಇಡುವ ಗುಂಡಿಯಲ್ಲೋ ಸರ್ವಿಸ್ ಪುಸ್ತಕದಲ್ಲೋ ನೋಡಿ. ಹಳೆಯ ಷೆವರ್ಲೆಗಳಲ್ಲಿ ಗ್ಲೋವ್ ಬಾಕ್ಸಿನ ಒಳಗೂ ಅಂಟಿಸಿರುವುದುಂಟು.

ಸ್ಟಿಕರ್ ಅಳಿಸಿಹೋಗಿದ್ದರೆ ಕಾರಿನ 17 ಅಕ್ಷರ-ಅಂಕಿಗಳ ವಿಐಎನ್ ಹಿಡಿದು ಆ ಕಂಪನಿಯ ಡೀಲರ್ ಬಳಿ ಬಿಡಿಭಾಗಗಳ ಕೌಂಟರಿಗೆ ಹೋಗಿ. ವಿಐಎನ್ ಒಳಗೆ ಬಣ್ಣ ಅಡಗಿರುವುದಿಲ್ಲ. ಆದರೆ ಆ ಕಾರು ಕಾರ್ಖಾನೆಯಿಂದ ಯಾವ ಬಣ್ಣದಲ್ಲಿ ಹೊರಬಿತ್ತು ಎಂಬುದು ಅವರ ಕಂಪ್ಯೂಟರಿನಲ್ಲಿ ಸಿಗುತ್ತದೆ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರಿಗೂ ಇದು ಉಪಯೋಗದ ವಿದ್ಯೆ. ಕೋಡ್ ಒಂದು ಬಣ್ಣ ಹೇಳಿ, ಒಂದು ಬಾಗಿಲು ಇನ್ನೊಂದು ಛಾಯೆಯಲ್ಲಿದ್ದರೆ, ಅದಕ್ಕೆ ಯಾವಾಗ, ಯಾಕೆ ಬಣ್ಣ ಹೊಡೆಸಿದ್ದು ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ಕೋಡ್ ಸಿಕ್ಕಿತು ಎಂದಾಕ್ಷಣ ಎಲ್ಲ ಮುಗಿಯಲಿಲ್ಲ. ಅದು ಹೇಳುವುದು ಕಾರು ಹುಟ್ಟಿದ ದಿನದ ಬಣ್ಣ. ದುಬೈಯಲ್ಲೋ ಅರಿಝೋನಾದಲ್ಲೋ ಎಂಟು ವರ್ಷ ಹೊರಗೆ ನಿಂತ ಕಾರಿನ ಬಾನೆಟ್, ಮಾಡು ಬಿಸಿಲಿಗೆ ಬಣ್ಣಗುಂದಿರುತ್ತವೆ. ಒಂದೇ ಕೋಡಿನ ಬಣ್ಣದಲ್ಲೂ ತಯಾರಿಯಿಂದ ತಯಾರಿಗೆ ಸಣ್ಣ ವ್ಯತ್ಯಾಸವಿರುತ್ತದೆ. ಬಾಡಿ ಶಾಪ್‌ನವರು ಬಣ್ಣ ಅಳೆಯುವ ಉಪಕರಣ ಇಟ್ಟುಕೊಳ್ಳುವುದು, ಪೆಟ್ಟಾದ ಬಾಗಿಲಿನ ಪಕ್ಕದ ಭಾಗಕ್ಕೂ ತೆಳುವಾಗಿ ಬಣ್ಣ ಹಾಯಿಸುವುದು ಇದಕ್ಕೇ. ಎಸ್ಟಿಮೇಟಿನಲ್ಲಿ ಪಕ್ಕದ ಬಾಗಿಲನ್ನೂ ಸೇರಿಸಿದ್ದಾರೆಂದು ಕೂಡಲೇ ಮೋಸ ಎನ್ನಬೇಡಿ. ಕಾರಣ ಕೇಳಿ, ಇನ್ನೊಂದು ಕಡೆಯಲ್ಲೂ ವಿಚಾರಿಸಿ.

ಮನೆಯಲ್ಲೇ ಮಾಡಬಹುದೋ ಇಲ್ಲವೋ ಎಂದು ತಿಳಿಯಲು ಗೀರಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಗಾಯ ಮೇಲಿನ ಕ್ಲಿಯರ್ ಕೋಟಿನಷ್ಟೇ. ಬಣ್ಣ ಬೇಡ, ಪಾಲಿಶ್ ಸಾಕಾಗುತ್ತದೆ. ಸಿಕ್ಕಿಕೊಂಡರೆ ಟಚ್-ಅಪ್ ಬಣ್ಣ ಬೇಕು. ಲೋಹವೇ ಕಾಣುತ್ತಿದ್ದರೆ ತಡಮಾಡಬೇಡಿ. ಕೆನಡಾ, ಮಿಷಿಗನ್‌ಗಳಂಥ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ತಾಗಿದರೆ ತುಕ್ಕು ಬೇಗ ಹಬ್ಬುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಆ ಭಯವಿಲ್ಲ. ಅಂಗೈ ಅಗಲಕ್ಕಿಂತ ದೊಡ್ಡ ಗಾಯವಾದರೆ ಬಾಡಿ ಶಾಪಿಗೇ ಬಿಡಿ.

ಸಣ್ಣ ಚುಕ್ಕೆಯಾದರೆ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಿ. ತುಕ್ಕು ಆಗಲೇ ಹಿಡಿದಿದ್ದರೆ ಅದನ್ನು ಉಜ್ಜಿ ತೆಗೆದು ಪ್ರೈಮರ್ ಹಚ್ಚಿ. ಬಣ್ಣವನ್ನು ಮೊದಲು ಬಿಳಿ ಕಾರ್ಡಿನ ಮೇಲೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಕಾರಿನ ಪಕ್ಕ ಹಿಡಿದು ನೋಡಿ. ಹಸಿಯಾಗಿರುವಾಗ ಕಾಣುವ ಬಣ್ಣವೇ ಬೇರೆ. ಹೊಂದಿತು ಎನಿಸಿದರೆ ನೆರಳಿನಲ್ಲಿ, ತೀರಾ ಚಳಿಯಿಲ್ಲದ ದಿನ, ಹಲ್ಲುಕಡ್ಡಿಯ ತುದಿಯಿಂದ ತೆಳುವಾಗಿ ಎರಡು ಮೂರು ಸಲ ಹಚ್ಚಿ. ಒಂದೇ ಸಲ ದಪ್ಪಗೆ ಬೇಡ. ಕೊನೆಗೆ ಕ್ಲಿಯರ್ ಕೋಟ್. ಬಣ್ಣದ ವಾಸನೆ ಕಟು, ಗ್ಯಾರೇಜ್ ಬಾಗಿಲು ತೆರೆದಿರಲಿ, ಪುಟ್ಟ ಮಕ್ಕಳು ದೂರವಿರಲಿ. ಲೀಸ್ ಕಾರಾದರೆ ಕೈಹಚ್ಚುವ ಮೊದಲು ಒಪ್ಪಂದ ಓದಿ. ಅಂದಗೆಟ್ಟ ಮನೆರಿಪೇರಿಗೂ ಹಣ ಕೇಳಬಹುದು.

ಗೀರು ಹಾಕಿದ ಮಗ ಅಥವಾ ಮಗಳು ದೊಡ್ಡವರಾಗಿದ್ದರೆ ಈ ಕೆಲಸ ಅವರಿಗೇ ಒಪ್ಪಿಸಿ. ಕೋಡ್ ಹುಡುಕಲಿ, ಎರಡು ಕಡೆ ಬೆಲೆ ಕೇಳಲಿ, ಕಾರ್ಡಿನ ಮೇಲೆ ಹಚ್ಚಿ ನಿಮಗೆ ತೋರಿಸಲಿ. ಅರ್ಧ ಗಂಟೆಯ ಉಪದೇಶಕ್ಕಿಂತ ಇದು ಹೆಚ್ಚು ಕಲಿಸುತ್ತದೆ. ತಪ್ಪು ಮಾಡಿದರೆ ಮುಚ್ಚಿಡುವುದಲ್ಲ, ಸರಿ ಮಾಡುವುದು ಎಂಬುದು ಅವರ ಕೈಗೇ ಗೊತ್ತಾಗುತ್ತದೆ.

ಗೀರು ಬೀಳುವವರೆಗೆ ಕಾಯುವುದೂ ಬೇಡ. ಇವತ್ತು ಸಂಜೆ ಕಾರಿನ ಬಾಗಿಲು ತೆರೆದಾಗ ಆ ಸ್ಟಿಕರಿನ ಒಂದು ಫೋಟೊ ತೆಗೆದು, ಫೋನಿನಲ್ಲಿ ಇನ್ಶೂರೆನ್ಸ್ ಕಾರ್ಡಿನ ಜೊತೆಗೆ ಇಟ್ಟುಕೊಳ್ಳಿ.