ಮರಿ ಕೊಳ್ಳುವಾಗ ರಕ್ತದ ಗುಂಪನ್ನೂ ಕೇಳಿ

ರಾಗಿ ಬಿತ್ತುವ ಮುನ್ನ ಆ ತಳಿ ಬೆಂಕಿ ರೋಗವನ್ನು ತಡೆಯುತ್ತದೆಯೇ ಎಂದು ವಿಚಾರಿಸುತ್ತೀರಿ. ಕೋಳಿ ಮರಿ ತರುವಾಗ ಮಾತ್ರ ಬೆಲೆ, ಮೊಟ್ಟೆಯ ಲೆಕ್ಕ ಇಷ್ಟೇ ಕೇಳಿ ಹಣ ಕೊಟ್ಟು ಬರುತ್ತೀರಿ. ನಾನು ಬೇಸಾಯ ಶಾಸ್ತ್ರದವನು, ಕೋಳಿ ನನ್ನ ವಿಷಯವಲ್ಲ. ಆದರೂ ಇದು ತಳಿಯ ಮಾತಾದ್ದರಿಂದ ಬರೆಯುತ್ತಿದ್ದೇನೆ.

ಮ್ಯಾರೆಕ್ಸ್ ರೋಗವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಬೆಳೆಯುವ ಕೋಳಿ ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬೀಳುತ್ತದೆ. ಕೊಯ್ದು ನೋಡಿದರೆ ಪಿತ್ತಜನಕಾಂಗದಲ್ಲಿ, ಗುಲ್ಮದಲ್ಲಿ ಗಡ್ಡೆಗಳಿರಬಹುದು. ಒಂದೇ ಮನೆಯಲ್ಲಿ ಒಂದೇ ಆಹಾರ ತಿಂದ ಕೋಳಿಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಉಳಿಯುತ್ತವೆ. ಇದಕ್ಕೆ ಒಂದು ಕಾರಣ ಹುಟ್ಟಿನಿಂದ ಬಂದದ್ದು.

ಅಮೆರಿಕದ ಬ್ರೈಲ್ಸ್ ಮತ್ತು ಸಂಗಡಿಗರು 1950ರಲ್ಲಿ ಕೋಳಿಯ 'ಬಿ' ರಕ್ತದ ಗುಂಪನ್ನು ಗುರುತಿಸಿದರು. ಒಂದು ಕೋಳಿಯ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿದರೆ ಅದು ನಿಲ್ಲುವುದೋ ಬೀಳುವುದೋ ಎಂಬುದು ಕೂಡ ಇದೇ ಗುಂಪಿಗೆ ಸೇರಿದೆ ಎಂದು 1961ರಲ್ಲಿ ಶೀರ್ಮನ್ ಮತ್ತು ನಾರ್ಡ್‌ಸ್ಕಾಗ್ ತೋರಿಸಿದರು. ರೋಗ ನಿರೋಧಕ ಶಕ್ತಿಯ ಜೀನುಗಳು ಇಲ್ಲಿಯೇ ಒತ್ತಾಗಿ ಕುಳಿತಿವೆ. 'ಬಿ-21' ಇರುವ ಕೋಳಿಗಳು ಮ್ಯಾರೆಕ್ಸ್ ರೋಗವನ್ನು ಚೆನ್ನಾಗಿ ತಡೆದರೆ, 'ಬಿ-19' ಇರುವವು ಬೇಗ ಬಲಿಯಾಗುತ್ತವೆ.

ಪರೀಕ್ಷೆಯ ಕ್ರಮ ಹೀಗಿದೆ. ಒಂದು ಗುಂಪಿನ ಕೋಳಿಯ ರಕ್ತಕಣಗಳನ್ನು ಬೇರೆ ಗುಂಪಿನ ಕೋಳಿಗೆ ಚುಚ್ಚಿದರೆ, ಅದರ ಮೈಯಲ್ಲಿ ಆ ಕಣಗಳಿಗೆ ವಿರುದ್ಧವಾದ ಪ್ರತಿಕಾಯಗಳು ಹುಟ್ಟುತ್ತವೆ. ಅದರ ರಕ್ತಸಾರವನ್ನು ತೆಗೆದು, ಬೇರೆ ಕೋಳಿಗಳ ಕಣಗಳೊಡನೆ ಬೆರೆಸಿ, ಬೇಡದ ಪ್ರತಿಕಾಯಗಳನ್ನು ಕಳೆಯಬೇಕು. ನಾಜೂಕಾದ ಕೆಲಸವೆಂದರೆ ಇದೇ. ಉಳಿದ ರಕ್ತಸಾರಕ್ಕೆ, ನಿಮ್ಮ ಕೋಳಿಯ ರೆಕ್ಕೆಯಡಿಯ ನಾಳದಿಂದ ತೆಗೆದು ತೊಳೆದ ರಕ್ತಕಣಗಳನ್ನು ಸೇರಿಸಿದಾಗ ಅವು ಅಂಟಿಕೊಂಡು ಗಂಟುಗಂಟಾದರೆ ಗುಂಪು ತಿಳಿಯಿತು. ಬಿಳಿ ಭೇದಿಗೆ ಮಾಡುವ ರಕ್ತಪರೀಕ್ಷೆಯೊಡನೆ ಇದನ್ನು ಬೆರೆಸಬೇಡಿ. ಆ ಪರೀಕ್ಷೆ ರೋಗ ಸೋಕಿದೆಯೇ ಎಂದು ಹೇಳುತ್ತದೆ, ಈ ಪರೀಕ್ಷೆ ಕೋಳಿ ಹುಟ್ಟುವಾಗ ಏನು ತಂದಿದೆ ಎಂದು ಹೇಳುತ್ತದೆ. ರಕ್ತಸಾರಕ್ಕೆ ಒಂದೇ ಎಂದು ಕಂಡ ಗುಂಪುಗಳು ಒಳಗೆ ಬೇರೆಯಾಗಿರುವುದೂ ಉಂಟು. ಈಗ ಡಿಎನ್‌ಎ ಪರೀಕ್ಷೆ ಅದನ್ನು ಬಿಡಿಸಿ ತೋರಿಸುತ್ತದೆ.

'ಮೊದಲ ದಿನವೇ ಲಸಿಕೆ ಹಾಕಿರುತ್ತಾರಲ್ಲ, ಇದೆಲ್ಲ ಏಕೆ?' ಎನ್ನಬಹುದು. ಲಸಿಕೆ ಬೇಕೇ ಬೇಕು. ಅದು ಗಡ್ಡೆಯನ್ನು ತಡೆಯುತ್ತದೆ, ಆದರೆ ವೈರಸ್ ಕೋಳಿಯ ಮೈ ಸೇರುವುದನ್ನಾಗಲಿ ಗರಿಯ ಧೂಳಿನೊಡನೆ ಹರಡುವುದನ್ನಾಗಲಿ ಪೂರ್ತಿ ತಡೆಯದು. ಲಸಿಕೆ ಎಷ್ಟು ಹಿಡಿಯುತ್ತದೆ ಎಂಬುದರಲ್ಲಿ ಕೂಡ ಈ ಗುಂಪಿನ ಪಾತ್ರವಿದೆ.

ಈ ಪರೀಕ್ಷೆ ನಿಮ್ಮ ಕೊಟ್ಟಿಗೆಯಲ್ಲಿ ಆಗುವಂಥದಲ್ಲ. ತಾಯಿಕೋಳಿಗಳ ಹಿಂಡನ್ನು ಇಟ್ಟುಕೊಂಡವರು ಅದನ್ನು ಮಾಡಿಸಿ ಫಲಿತಾಂಶವನ್ನು ಕೊಳ್ಳುವವರಿಗೆ ತಿಳಿಸಬೇಕೆಂಬುದು ನನ್ನ ಅಭಿಪ್ರಾಯ. ಮರಿ ಸತ್ತರೆ ನಷ್ಟ ನಿಮ್ಮದು. ಕೇಳುವ ಹಕ್ಕೂ ನಿಮ್ಮದೇ. ಹಾಗೆಂದು ಎಲ್ಲವನ್ನೂ 'ಬಿ-21' ಮಾಡಿಬಿಡಿ ಎನ್ನಲಾರೆ. ಸೀಮೆಗೆಲ್ಲ ಒಂದೇ ತಳಿ ಬಿತ್ತಿದಾಗ ಏನಾಗುತ್ತದೆಂದು ನಿಮಗೆ ಗೊತ್ತು. ಒಂದು ರೋಗಕ್ಕೆ ಜಗ್ಗದ ಗುಂಪು ಇನ್ನೊಂದಕ್ಕೆ ಜಗ್ಗಬಹುದು.

ನಮ್ಮ ನಾಟಿ ಕೋಳಿಗಳನ್ನು ಬೇರೆ ತಳಿಯೊಡನೆ ಬೆರೆಸಿ ಮುಗಿಸುವ ಮೊದಲು ಅವುಗಳ ರಕ್ತದ ಗುಂಪನ್ನು ದಾಖಲಿಸಬೇಕು. ಊರಿಗೆ ರೋಗ ಬಂದು ಹೋದ ಮೇಲೂ ಉಳಿದ ಹೇಂಟೆ ನಿಮ್ಮ ಹಿತ್ತಲಲ್ಲಿದ್ದರೆ ಸಂತೆಗೆ ಒಯ್ಯಬೇಡಿ. ಕಾಲಿಗೊಂದು ಗುರುತು ಕಟ್ಟಿ, ಅದರ ಮರಿಗಳಲ್ಲಿ ಎಷ್ಟು ಉಳಿದವೆಂದು ಬರೆದಿಟ್ಟು, ಹತ್ತಿರದ ಪಶುವೈದ್ಯರಿಗೆ ತೋರಿಸಿ.