ಪೊರೆ ತೆಗೆದ ಮೇಲಿನ ಜಾಗ್ರತೆ

ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಈಗ ನಮ್ಮ ಹಳ್ಳಿಗಳಲ್ಲಿ ಹೆದರಿಕೆಯ ಮಾತಾಗಿ ಉಳಿದಿಲ್ಲ. ಶಾಲೆಯ ಜಗಲಿಯಲ್ಲೋ ಪಂಚಾಯತಿನ ಸಭಾಭವನದಲ್ಲೋ ತಪಾಸಣಾ ಶಿಬಿರ ನಡೆಯುತ್ತದೆ. ಪೊರೆ ಬಂದವರನ್ನು ವಾಹನದಲ್ಲಿ ಕಾಸರಗೋಡಿಗೋ ಹೊಸದುರ್ಗಕ್ಕೋ ಮಂಗಳೂರಿಗೋ ಕರೆದೊಯ್ಯುತ್ತಾರೆ. ಮರುದಿನ ಕಟ್ಟು ಬಿಚ್ಚಿದಾಗ ಮೊಮ್ಮಕ್ಕಳ ಮುಖ ಸ್ಪಷ್ಟವಾಗಿ ಕಾಣುತ್ತದೆ. 1976ರಲ್ಲಿ ಕೇಂದ್ರ ಸರಕಾರವು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ ಬಳಿಕ ದೇಶದಲ್ಲಿ ಆಗಿರುವ ಈ ಕೆಲಸವನ್ನು ಕಡೆಗಣಿಸುವವರು ನಾವಲ್ಲ.

ಆದರೆ ಶಿಬಿರದ ವರದಿಯು ಶಸ್ತ್ರಕ್ರಿಯೆಗಳ ಸಂಖ್ಯೆಯೊಡನೆ ಮುಗಿಯುತ್ತದೆ. ಅನಂತರ ಆ ಕಣ್ಣುಗಳ ಒತ್ತಡವನ್ನು ಅಳೆದವರಾರು, ಎಷ್ಟು ಮಂದಿ ಮರುತಪಾಸಣೆಗೆ ಬಂದರು ಎಂಬ ಪ್ರಶ್ನೆ ಏಳುವುದಿಲ್ಲ. ಈ ಪ್ರಶ್ನೆಯನ್ನು ಎತ್ತಬೇಕಾದ ಕಾರಣವಿದೆ. ಪೊರೆಯಿಂದ ಮಂಕಾದ ದೃಷ್ಟಿಯನ್ನು ಶಸ್ತ್ರಕ್ರಿಯೆಯಿಂದ ಮರಳಿ ಪಡೆಯಬಹುದು. ಕಣ್ಣಿನ ಒತ್ತಡ ಏರಿ ಗ್ಲಾಕೋಮಾದಿಂದ ಕಳೆದುಹೋದ ದೃಷ್ಟಿಯನ್ನು ಯಾವ ವೈದ್ಯರೂ ಮರಳಿಸಲಾರರು.

ಕಣ್ಣಿನೊಳಗೆ ಒಂದು ತಿಳಿನೀರು ಸದಾ ಉತ್ಪತ್ತಿಯಾಗಿ, ಸೂಕ್ಷ್ಮವಾದ ಜಾಲರಿಯ ಮೂಲಕ ಹೊರಗೆ ಹರಿದುಹೋಗುತ್ತಿರುತ್ತದೆ. ಹೊರದಾರಿ ಕಟ್ಟಿದರೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಇದು 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಏರಿದ ಒತ್ತಡ ಇಳಿಯದೆ ಉಳಿದರೆ ಮಿದುಳಿಗೆ ನೋಟವನ್ನು ಒಯ್ಯುವ ದೃಷ್ಟಿನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಇದೇ ಗ್ಲಾಕೋಮಾ. ರಕ್ತದೊತ್ತಡ ಬೇರೆ, ಕಣ್ಣಿನ ಒತ್ತಡ ಬೇರೆ. ತೋಳಿಗೆ ಪಟ್ಟಿ ಕಟ್ಟಿ ನೋಡಿದ 'ಬಿ.ಪಿ.' ಸರಿಯಾಗಿದೆಯೆಂದು ಕಣ್ಣಿನ ವಿಷಯದಲ್ಲಿ ನಿಶ್ಚಿಂತರಾಗುವಂತಿಲ್ಲ.

ಪೊರೆ ತೆಗೆದ ಮೇಲೆ ಒತ್ತಡ ಏರಲು ಹಲವು ಕಾರಣಗಳಿವೆ. ಅವು ಬೇರೆ ಬೇರೆ ಸಮಯದಲ್ಲಿ ತಲೆದೋರುತ್ತವೆ. ಶಸ್ತ್ರಕ್ರಿಯೆಯ ವೇಳೆ ಕಣ್ಣಿನೊಳಗಿನ ಭಾಗಗಳನ್ನು ಕಾಪಾಡಲು ಲೋಳೆಯಂತಹ ಒಂದು ದ್ರವವನ್ನು ತುಂಬುತ್ತಾರೆ. ಅದರಲ್ಲಿ ಸ್ವಲ್ಪ ಒಳಗೇ ಉಳಿದರೆ ಕೆಲವೇ ಗಂಟೆಗಳಲ್ಲಿ ಒತ್ತಡ ಏರಬಹುದು. ಹೆಚ್ಚಿನವರಲ್ಲಿ ಇದು ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಬಹಳವಾಗಿ ಏರಿದರೆ ಕಣ್ಣು ಸಿಡಿಯುವಂತಹ ನೋವು, ಅದೇ ಬದಿಯ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಮುಂತಾದ ಲಕ್ಷಣಗಳಾಗುತ್ತವೆ. ವಾಂತಿ, ತಲೆನೋವು ಎಂದೊಡನೆ 'ಪಿತ್ತ ಕೆದರಿತು' ಎಂದು ಕಷಾಯ ಕೊಟ್ಟು ಮಲಗಿಸುವ ರೂಢಿ ನಮ್ಮಲ್ಲಿದೆ. ಕಣ್ಣಿನ ಶಸ್ತ್ರಕ್ರಿಯೆಯಾದವರ ವಿಷಯದಲ್ಲಿ ಈ ರೂಢಿ ಬಿಡಬೇಕು. ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಮೊದಲ ವಾರಗಳಲ್ಲಿ ಕಣ್ಣಿನೊಳಗಿನ ಉರಿಯೂತ, ರಕ್ತಸ್ರಾವ, ಉಳಿದುಹೋದ ಪೊರೆಯ ತುಣುಕು ಇವು ಜಾಲರಿಯನ್ನು ಮುಚ್ಚಬಹುದು. ಪಾಪೆಯಲ್ಲಿ ನೀರಿನ ದಾರಿ ಕಟ್ಟಿಹೋಗುವುದೂ ಉಂಟು. ತಿಂಗಳುಗಳ ಬಳಿಕವೂ ಸ್ಥಾನ ತಪ್ಪಿದ ಕೃತಕ ಮಸೂರದ ತಿಕ್ಕಾಟದಿಂದ ತೊಂದರೆಯಾಗಬಹುದು. ಸಕ್ಕರೆ ಕಾಯಿಲೆ ಹತೋಟಿ ಮೀರಿದವರಲ್ಲಿ ಹೊಸ ರಕ್ತನಾಳಗಳು ಬೆಳೆದು ಹೊರದಾರಿಯನ್ನು ಮುಚ್ಚಬಹುದು. ಮೊದಲೇ ಗ್ಲಾಕೋಮಾ ಇದ್ದು, ದಟ್ಟವಾದ ಪೊರೆಯ ಹಿಂದೆ ದೃಷ್ಟಿನರ ಕಾಣದಿದ್ದುದರಿಂದ ಅದು ಪತ್ತೆಯಾಗದೆ ಉಳಿದಿರುವುದೂ ಸಾಧ್ಯ.

ಆದರೆ ನಮ್ಮ ಮನೆಗಳು ಮುಖ್ಯವಾಗಿ ತಿಳಿಯಬೇಕಾದ ಕಾರಣ ಇನ್ನೊಂದಿದೆ. ಉರಿಯೂತ ತಗ್ಗಿಸಲು ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮೊದಲಾದ ಸ್ಟೀರಾಯ್ಡ್ ಹನಿಮದ್ದುಗಳೇ ಕೆಲವರಲ್ಲಿ ಒತ್ತಡವನ್ನು ಏರಿಸುತ್ತವೆ. ಮದ್ದು ಅಗತ್ಯವಾದದ್ದೇ, ವೈದ್ಯರು ಅದನ್ನು ಕ್ರಮೇಣ ಕಡಿಮೆ ಮಾಡುತ್ತಾ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ನಿಲ್ಲಿಸುತ್ತಾರೆ. ಒತ್ತಡ ಏರುವುದು ಹೆಚ್ಚಾಗಿ ಎರಡನೆಯ ವಾರದ ಬಳಿಕ. ಸುಮಾರು ನೂರರಲ್ಲಿ ಐದು ಮಂದಿಯ ಕಣ್ಣು ಈ ಮದ್ದಿಗೆ ತೀವ್ರವಾಗಿ ಪ್ರತಿಕ್ರಿಯಿಸುತ್ತದೆ. ಗ್ಲಾಕೋಮಾ ಇರುವವರು, ಅವರ ಒಡಹುಟ್ಟಿದವರು ಮತ್ತು ಮಕ್ಕಳು, ಸಕ್ಕರೆ ಕಾಯಿಲೆಯವರು, ಹೆಚ್ಚು ನಂಬರಿನ ಸಮೀಪದೃಷ್ಟಿಯವರು ವಿಶೇಷವಾಗಿ ಎಚ್ಚರದಿಂದಿರಬೇಕು. ಇಲ್ಲಿ ನೋವಿಲ್ಲ, ಕೆಂಪಿಲ್ಲ, ವಾಂತಿಯಿಲ್ಲ. 'ಕಣ್ಣಿಗೆ ತಂಪಾಗುತ್ತದೆ' ಎಂದು ಖಾಲಿಯಾದ ಬಾಟಲಿಯನ್ನು ಮದ್ದಿನ ಅಂಗಡಿಗೆ ಕಳುಹಿಸಿ ಇನ್ನೊಂದನ್ನು ತರಿಸಿಕೊಂಡರೆ, ತಿಂಗಳುಗಟ್ಟಲೆ ಒತ್ತಡ ಏರಿಯೇ ಇರುತ್ತದೆ. ನೋಟ ಬದಿಯಿಂದ ಕಿರಿದಾಗುತ್ತಾ ಬಂದು, ಅರಿವಾಗುವಾಗ ಕಾಲ ಮಿಂಚಿರುತ್ತದೆ. ಹಾಗೆಂದು ವೈದ್ಯರು ಹೇಳಿದ ಅವಧಿಗೆ ಮೊದಲೇ ಮದ್ದು ನಿಲ್ಲಿಸುವುದೂ ತಪ್ಪು; ಉರಿಯೂತ ಮರುಕಳಿಸುತ್ತದೆ.

ಪತ್ತೆ ಮಾಡುವುದು ಕಷ್ಟವಲ್ಲ. ಒತ್ತಡ ಅಳೆಯಲು ಕೆಲವು ನಿಮಿಷ ಸಾಕು. ಏರಿದ್ದು ಕಂಡುಬಂದರೆ ವೈದ್ಯರು ಸ್ಲಿಟ್ ಲ್ಯಾಂಪಿನಲ್ಲಿ ಕಣ್ಣಿನ ಮುಂಭಾಗವನ್ನು ಪರೀಕ್ಷಿಸುತ್ತಾರೆ. ವಿಶೇಷ ಮಸೂರವಿಟ್ಟು ನೀರಿನ ಹೊರದಾರಿಯನ್ನೂ, ಹಿಂಭಾಗದಲ್ಲಿ ದೃಷ್ಟಿನರವನ್ನೂ ನೋಡುತ್ತಾರೆ. ಅಗತ್ಯವಾದರೆ ನೋಟದ ವ್ಯಾಪ್ತಿಯನ್ನು ಅಳೆಯುತ್ತಾರೆ. ಚಿಕಿತ್ಸೆ ಕಾರಣವನ್ನು ಅವಲಂಬಿಸಿದೆ. ಸ್ಟೀರಾಯ್ಡಿನಿಂದಾದರೆ ಅದನ್ನು ಇಳಿಸಿ ಬೇರೆ ಮದ್ದು ಕೊಡುತ್ತಾರೆ. ಒತ್ತಡವು ಹೆಚ್ಚಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ಟಿಮೊಲಾಲ್‌ನಂತಹ ಹನಿಗಳು, ಅಸೆಟಜೋಲಮೈಡ್ ಮಾತ್ರೆ, ತುರ್ತಿನಲ್ಲಿ ರಕ್ತನಾಳದ ಮೂಲಕ ಮ್ಯಾನಿಟಾಲ್ ಬಳಕೆಯಲ್ಲಿವೆ. ಉಬ್ಬಸ ಇರುವವರಿಗೆ ಟಿಮೊಲಾಲ್ ಅಪಾಯಕರ. ಮೂತ್ರಪಿಂಡದ ತೊಂದರೆಯಿರುವವರಿಗೆ ಆ ಮಾತ್ರೆ ಹಿಡಿಸದು. ಆದುದರಿಂದ ಹಳೆಯ ಕಾಯಿಲೆಗಳನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಪಾಪೆಯಲ್ಲಿ ದಾರಿ ಕಟ್ಟಿದ್ದರೆ ಲೇಸರಿನಿಂದ ಬಿಡಿಸುತ್ತಾರೆ, ಉಳಿದ ತುಣುಕನ್ನು ತೆಗೆಯುತ್ತಾರೆ. ಯಾವುದಕ್ಕೂ ಬಗ್ಗದಿದ್ದರೆ ನೀರು ಹರಿಯಲು ಹೊಸ ದಾರಿ ಮಾಡುವ ಶಸ್ತ್ರಕ್ರಿಯೆಯಿದೆ.

ಇದನ್ನೆಲ್ಲ ಓದಿ ಪೊರೆಯ ಶಸ್ತ್ರಕ್ರಿಯೆಯೇ ಬೇಡವೆಂದು ಯಾರೂ ತೀರ್ಮಾನಿಸಬಾರದು. ಅತಿಯಾಗಿ ಬಲಿತ ಪೊರೆಯೇ ಊದಿಕೊಂಡು ಅಥವಾ ಸೋರಿ ಗ್ಲಾಕೋಮಾ ತರುತ್ತದೆ. ನೀರಿನ ಹೊರದಾರಿ ಇಕ್ಕಟ್ಟಾಗಿರುವವರಲ್ಲಿ ಮಸೂರವನ್ನು ತೆಗೆಯುವುದರಿಂದ ಒತ್ತಡ ಇಳಿಯುತ್ತದೆ ಎಂಬುದನ್ನು 2016ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದು ತೋರಿಸಿದೆ. ನಾವು ಕೇಳುತ್ತಿರುವುದು ಅನಂತರದ ಜಾಗ್ರತೆಯನ್ನು ಮಾತ್ರ.

ಈ ಜಾಗ್ರತೆಗೆ ನಮ್ಮ ಜಿಲ್ಲೆಯಲ್ಲಿ ಭಾಷೆಯೂ ಅಡ್ಡ ಬರುತ್ತದೆ. ಕನ್ನಡ ಶಾಲೆಯಲ್ಲಿ ನಾಲ್ಕೈದು ತರಗತಿ ಓದಿದ ಹಿರಿಯರು ಮಲಯಾಳದ ಮಾತು ತಿಳಿದಾರು, ಲಿಪಿ ತಿಳಿಯಲಾರರು. ಮಲಯಾಳದಲ್ಲಿ ಪೊರೆಯೇ 'ತಿಮಿರ'. ನಮಗೆ ತಿಮಿರವೆಂದರೆ ಕತ್ತಲೆ. ಹೀಗಿರುವಾಗ ಯಾವ ಹನಿ ಎಷ್ಟು ದಿನ, ಎಂದು ನಿಲ್ಲಿಸಬೇಕು, ಎಂದು ಮರಳಿ ಬರಬೇಕು ಎಂಬುದು ಓದಲಾಗದ ಚೀಟಿಯಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವುದನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ಮಾನ್ಯ ಮಾಡಿತು. ಅರ್ಜಿಗೆ ಸಲ್ಲುವ ಭಾಷೆ ಮದ್ದಿನ ಚೀಟಿಗೆ ಸಲ್ಲದೆಂಬ ನ್ಯಾಯವುಂಟೇ?

ಮಂಗಳೂರಿನಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರಿಗೆ ಭಾಷೆಯ ತೊಡಕಿಲ್ಲ, ದೂರದ ತೊಡಕಿದೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಒತ್ತಡ ಅಳೆಯಲು ಶಸ್ತ್ರಕ್ರಿಯೆ ಮಾಡಿದವರೇ ಆಗಬೇಕೆಂದಿಲ್ಲ. ಚೀಟಿಯೊಡನೆ ಹತ್ತಿರದ ಕಣ್ಣಿನ ವೈದ್ಯರಲ್ಲಿಗೆ ಹೋದರೂ ಸಾಕು.

ಸಂಬಂಧಪಟ್ಟವರ ಮುಂದೆ ನಮ್ಮ ಬೇಡಿಕೆಗಳು ಕೆಲವೇ. ಶಸ್ತ್ರಕ್ರಿಯೆಗೆ ಮೊದಲು, ಮರುದಿನ ಮತ್ತು ಮರುತಪಾಸಣೆಯಲ್ಲಿ ಅಳೆದ ಒತ್ತಡವನ್ನು ಅಂಕಿಯಲ್ಲಿ ಚೀಟಿಯಲ್ಲಿ ಬರೆಯಬೇಕು. ಹನಿ ನಿಲ್ಲಿಸುವ ತಾರೀಕನ್ನು ಕನ್ನಡದಲ್ಲಿ ನಮೂದಿಸಬೇಕು. ಕರೆದೊಯ್ಯಲು ವಾಹನ ಕೊಡುವ ಶಿಬಿರದವರು ಮರುತಪಾಸಣೆಗೂ ವಾಹನ ಕೊಡಬೇಕು. ಸ್ಟೀರಾಯ್ಡ್ ಹನಿಯನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿಯಮವನ್ನು ಮದ್ದಿನ ಅಂಗಡಿಯವರು ಪಾಲಿಸಬೇಕು.

ವಾಚಕರಲ್ಲಿಯೂ ಒಂದು ವಿನಂತಿ. ಮನೆಯಲ್ಲಿ ಪೊರೆ ತೆಗೆಸಿಕೊಂಡ ಹಿರಿಯರಿದ್ದರೆ ಇಂದೇ ಅವರ ಹನಿಮದ್ದಿನ ಬಾಟಲಿಯನ್ನೂ ಚೀಟಿಯನ್ನೂ ತೆಗೆದು ನೋಡಿರಿ. ಅವಧಿ ಮುಗಿದ ಮದ್ದು ಇನ್ನೂ ನಡೆಯುತ್ತಿದ್ದರೆ, ಅಥವಾ ಮರುತಪಾಸಣೆಯ ದಿನ ದಾಟಿದ್ದರೆ, ಅವರನ್ನು ಕರೆದುಕೊಂಡು ಹೋಗಿ ಒತ್ತಡ ಅಳೆಯಿಸಿರಿ.